ತಬಲಾ ಎಲ್ಲೈತಿ?

ನ್ಯಾಶ್‌ವಿಲ್‌ನಿಂದ ಮೆಂಫಿಸ್‌ಗೆ ಕಾರಿನಲ್ಲಿ ಮೂರು ತಾಸು. ಧಾರವಾಡದಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು ಹೊರಟಿದ್ದೆ. ಹಾದಿಗೆ ಇರಲಿ ಅಂತ ‘ದಿ ಸನ್ ಸೆಷನ್ಸ್’ ಸಿಡಿ ಹಾಕಿದೆ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1954-55ರಲ್ಲಿ, ಇನ್ನೂ ಹೆಸರು ಮಾಡದಿದ್ದಾಗ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಹಾಡಿದ್ದನ್ನು ಒಟ್ಟುಮಾಡಿ ಆರ್‌ಸಿಎ ಕಂಪನಿ 1976ರಲ್ಲಿ ತಂದ ಆಲ್ಬಮ್.

ಅಪ್ಪ ಭಜನೆಗೆ ತಬಲಾ ಬಾರಿಸುವವರು. ಮೊದಲ ಹಾಡು ‘ದಟ್ಸ್ ಆಲ್ ರೈಟ್’ ಎರಡು ನಿಮಿಷವೂ ಇಲ್ಲ. ಮುಗಿದದ್ದೇ ಕೇಳಿದರು, “ಇದರಾಗ ತಬಲಾ ಎಲ್ಲೈತಿ?”

“ಡ್ರಮ್ ಐತಲ್ಲಪ್ಪಾ” ಅಂದೆ. ಎಷ್ಟು ಸಲ ಕೇಳಿದ ಹಾಡು! ಮತ್ತೆ ಹಾಕಿದೆ. ಇಲ್ಲ. ಎಲ್ವಿಸ್‌ನ ಗಿಟಾರ್, ಸ್ಕಾಟಿ ಮೂರ್‌ನ ಗಿಟಾರ್, ಬಿಲ್ ಬ್ಲ್ಯಾಕ್‌ನ ಆಳೆತ್ತರದ ಬೇಸ್, ಅಷ್ಟೇ. ಬ್ಲ್ಯಾಕ್ ತಂತಿ ಎಳೆದು ಬಿಟ್ಟಾಗ ಅದು ಕಟ್ಟಿಗೆಗೆ ಬಡಿದು ಟಪ್ ಅನ್ನುತ್ತದೆ. ಆ ಟಪ್ಪೇ ತಾಳ. ಸ್ಟುಡಿಯೋದ ಮಾಲೀಕ ಸ್ಯಾಮ್ ಫಿಲಿಪ್ಸ್ ಎರಡನೇ ಟೇಪ್ ಯಂತ್ರ ಇಟ್ಟು, ಪ್ರತಿ ಸದ್ದೂ ಒಂದು ಚೂರು ತಡವಾಗಿ ಮರಳಿ ಬರುವಂತೆ ಮಾಡಿದ್ದ. ನಾನು ಮೋಸ ಹೋಗಿದ್ದು ಅಲ್ಲೇ ಇರಬೇಕು.

ಮುಂದಿನದು ‘ಬ್ಲೂ ಮೂನ್ ಆಫ್ ಕೆಂಟಕಿ’. ಇದನ್ನು ಬರೆದ ಬಿಲ್ ಮನ್ರೋ ಮೂರರ ನಡೆಯಲ್ಲಿ ನಿಧಾನ ಹಾಡಿದ್ದ, ಇವರು ನಾಲ್ಕಕ್ಕೆ ತಂದು ಓಡಿಸಿದರು ಅಂತ ಹೇಳಿದೆ. ಅಪ್ಪ ತೊಡೆ ಮೇಲೆ ಎರಡನ್ನೂ ಬಾರಿಸಿ ನೋಡಿದರು, ತಬಲಾದ ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರ್ವಾ. “ದಾದ್ರಾದ ಹಾಡು ಕೆಹರ್ವಾಕ್ಕ ಹಾಕ್ಯಾರ. ಹುಡುಗ್ರು ಭಾರಿ ಅದಾರ.”

ಆಮೇಲೆ ಮಾತಿಲ್ಲ. ಸುಮಾರು ಹಾಡು ಆದ ಮೇಲೆ ‘ಐಮ್ ಲೆಫ್ಟ್, ಯೂ ಆರ್ ರೈಟ್, ಶೀ ಈಸ್ ಗಾನ್’ ಬಂತು. ಅಪ್ಪ ನೆಟ್ಟಗೆ ಕೂತರು. “ಬಂದ್ನೋ ತಬಲಾದವ!” ಹೌದು, ಅದರಲ್ಲಿ ಡ್ರಮ್ ಇದೆ. ಆದರೆ ಅವರಿಗೆ ಸೇರಲಿಲ್ಲ. ನನಗೂ ಹಳೆಯ ಟಪ್ಪೇ ಜಾಸ್ತಿ ಇಷ್ಟ.

1955ರ ನವೆಂಬರ್‌ನಲ್ಲಿ ಆರ್‌ಸಿಎ 35,000 ಡಾಲರ್ ಕೊಟ್ಟು ಎಲ್ವಿಸ್‌ನ ಕರಾರನ್ನು ಫಿಲಿಪ್ಸ್‌ನಿಂದ ಕೊಂಡಿತು ಅಂತ ಹೇಳಿದೆ. ಆಗ ಅದು ದೊಡ್ಡ ದುಡ್ಡು. ಅಪ್ಪ ಅದಕ್ಕೆ ಹೂಂ ಅಂದರು, ಅಷ್ಟೇ.

ಮೆಂಫಿಸ್ ಮುಟ್ಟಿದೆವು. 706, ಯೂನಿಯನ್ ಅವೆನ್ಯೂ, ಸನ್ ಸ್ಟುಡಿಯೋ. ಸ್ಟುಡಿಯೋ ಅಂದರೆ ಒಂದೇ ಕೋಣೆ, ನಮ್ಮ ಭಜನೆ ಕಟ್ಟೆಯಷ್ಟೇ. ಎಲ್ಲರೂ ಮೈಕ್ ಹಿಡಿದು ಫೋಟೋಕ್ಕೆ ನಿಂತಿದ್ದರು. ಅಪ್ಪ ಮೂಲೆಗೆ ಹೋಗಿ ಒಂದು ಚಪ್ಪಾಳೆ ತಟ್ಟಿದರು. ಕಿವಿಗೊಟ್ಟರು. ಇನ್ನೊಂದು ತಟ್ಟಿದರು.