ಚೀಲದ ರಾಶಿ ಮತ್ತು ತೊಳೆದ ನೀರಿನ ಲೆಕ್ಕ

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುವ ದಿನಗಳಲ್ಲಿ ಅಪ್ಪ ಮೊದಲು ನೋಡುತ್ತಿದ್ದುದು ಕೆರೆಯ ಮಟ್ಟವನ್ನು. ಕಾಫಿ ಬೀಜ ತೊಳೆದ ಹುಳಿನೀರು ಹಳ್ಳಕ್ಕೆ ಇಳಿಯದಂತೆ ಗುಂಡಿ ತೋಡಿಸಿ, ಸುಣ್ಣ ಹಾಕಿ ನಿಲ್ಲಿಸುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯೇ ಗೊರೂರಿನ ಅಣೆಕಟ್ಟಿನಲ್ಲಿ ನಿಂತು ಹಾಸನದ ಊಟಕ್ಕೂ ಕುಡಿಯುವುದಕ್ಕೂ ಒದಗುವುದರಿಂದ, ಹಾಸನದ ಬಳಿಯ ಜೈವಿಕ ಔಷಧ ಘಟಕವೊಂದಕ್ಕೆ ಕೆಲಸಕ್ಕೆ ಸೇರಿದಾಗಲೂ ಆ ಚಿಂತೆ ನನ್ನ ಜೊತೆಗೇ ಬಂದಿತು.

ಅಲ್ಲಿ ಔಷಧ ತಯಾರಿಸುವ ಜೀವಕೋಶಗಳನ್ನು ಬೆಳೆಸುವುದು ಪ್ಲಾಸ್ಟಿಕ್ ಚೀಲದ ಬಯೋರಿಯಾಕ್ಟರ್‌ನಲ್ಲಿ. ಗಾಮಾ ವಿಕಿರಣದಿಂದ ಕ್ರಿಮಿಮುಕ್ತಗೊಳಿಸಿ ಕಳುಹಿಸಿದ ಚೀಲವನ್ನು ಬಿಚ್ಚಿ, ಒಂದು ಬ್ಯಾಚ್‌ಗೆ, ಅಂದರೆ ಒಂದು ಸಲದ ತಯಾರಿಕೆಗೆ ಬಳಸಿ, ಎಸೆಯುತ್ತೇವೆ. ಮೊದಲ ಬ್ಯಾಚ್ ಮುಗಿದ ಸಂಜೆ ಚೀಲ, ಕೊಳವೆ, ಫಿಲ್ಟರ್‌ಗಳ ರಾಶಿ ಕಂಡು ಮನಸ್ಸಿಗೆ ಬಹಳ ಕಸಿವಿಸಿಯಾಯಿತು.

ಆದರೆ ಇದೇ ಕೆಲಸಕ್ಕೆ ಮತ್ತೆ ಮತ್ತೆ ಬಳಸುವ ಹಳೆಯ ಸ್ಟೀಲ್ ಟ್ಯಾಂಕಿನ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಬ್ಯಾಚ್ ಆದ ಮೇಲೆ ಅದನ್ನು ಬಿಸಿ ಕಾಸ್ಟಿಕ್ ಸೋಡಾದಿಂದ ತೊಳೆದು, ನೀರಾಡಿಸಿ, ಆಮ್ಲ ಹಾಯಿಸಿ, ಕೊನೆಗೆ ಚುಚ್ಚುಮದ್ದಿಗೆ ಯೋಗ್ಯವಾದ ಶುದ್ಧ ನೀರಿನಿಂದ ಮತ್ತೆ ಮತ್ತೆ ತೊಳೆದು, 121 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಹಬೆಯಲ್ಲಿ ಬೇಯಿಸಬೇಕು. ಆ ಶುದ್ಧ ನೀರನ್ನು ಸಾಮಾನ್ಯವಾಗಿ ಭಟ್ಟಿ ಇಳಿಸಿ ತಯಾರಿಸಿ, ಕೆಡದಂತೆ ಬಿಸಿಯಾಗಿಯೇ ಸುತ್ತಿಸುತ್ತಿರಬೇಕು. ಹಬೆಗೆ ಬಾಯ್ಲರ್ ಉರಿಯುತ್ತಿರಬೇಕು. ತೊಳೆದ ನೀರನ್ನು ತಟಸ್ಥಗೊಳಿಸಿ ಶುದ್ಧೀಕರಿಸಬೇಕು. ಹುಟ್ಟಿನಿಂದ ವಿಲೇವಾರಿಯವರೆಗೆ ಪರಿಸರದ ಮೇಲೆ ಬೀಳುವ ಹೊರೆಯನ್ನು ಕೂಡಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಚೀಲದ ವಿಧಾನವೇ ಒಟ್ಟಾರೆ ಹಗುರವೆಂದು ಕಂಡುಬಂದಿರುವುದು ಈ ಕಾರಣದಿಂದಲೇ. ಹಾಗೆಂದು ಈ ತೀರ್ಮಾನವನ್ನು ಎಲ್ಲೆಡೆಗೂ ಹೊಂದಿಸಲಾಗದು. ಜಲವಿದ್ಯುತ್ತಿನಂತಹ ಕಡಿಮೆ ಹೊಗೆಯ ಮೂಲದಿಂದ ಶಕ್ತಿ ದೊರೆಯುವಲ್ಲಿ, ಅಥವಾ 2000 ಲೀಟರಿಗಿಂತ ಬಹಳ ದೊಡ್ಡ ಟ್ಯಾಂಕಿನಲ್ಲಿ ಒಂದೇ ಔಷಧವನ್ನು ವರ್ಷವಿಡೀ ತಯಾರಿಸುವಲ್ಲಿ ಸ್ಟೀಲ್ ತನ್ನ ಯೋಗ್ಯತೆಯನ್ನು ಉಳಿಸಿಕೊಳ್ಳಬಲ್ಲದು.

ನನ್ನ ತಕರಾರು ಇರುವುದು ಚೀಲದ ರಚನೆಯ ಬಗ್ಗೆ. ದ್ರವ ತಾಗುವ ಒಳಪದರಕ್ಕೆ ಪಾಲಿಎಥಿಲೀನ್, ಅನಿಲ ತಡೆಯುವುದಕ್ಕೆ ಇನ್ನೊಂದು ಪದರ, ಗಟ್ಟಿತನಕ್ಕೆ ಕೆಲವೊಮ್ಮೆ ನೈಲಾನ್, ಇವೆಲ್ಲ ಬೆಸೆದುಕೊಂಡ ಹಾಳೆಯನ್ನು ಬಿಡಿಸಿ ಮರುಬಳಸುವುದು ಕಷ್ಟ. ಜೀವಕೋಶ ತಾಗಿದ್ದನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಆಟೋಕ್ಲೇವ್‌ನಲ್ಲಿ ಅಥವಾ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ, ಹೆಚ್ಚಾಗಿ ದಹನಕ್ಕೇ ಕಳುಹಿಸುತ್ತಾರೆ. ವಿಲೇವಾರಿಯ ಪಾಲು ಒಟ್ಟು ಹೊರೆಯಲ್ಲಿ ಚಿಕ್ಕದು ಎಂಬ ಮಾತು ಲೆಕ್ಕಕ್ಕೆ ಸರಿಯಿರಬಹುದು. ದಹನಕೇಂದ್ರದ ಪಕ್ಕದ ಊರಿನವರಿಗೆ ಅದನ್ನು ಹೇಳಿ ಒಪ್ಪಿಸುವ ಧೈರ್ಯ ನನಗಿಲ್ಲ. ಒಂದೇ ಬಗೆಯ ಪ್ಲಾಸ್ಟಿಕ್‌ನಲ್ಲಿ ಚೀಲ ವಿನ್ಯಾಸಗೊಳಿಸುವ, ಬಳಸಿದ್ದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರು ಹೊರಬೇಕು.

ನಮ್ಮ ಕಡೆಯ ಕೆಲಸವೂ ಬಾಕಿಯಿದೆ. ಬರೀ ಉಪ್ಪಿನ ದ್ರಾವಣ ತುಂಬಿದ್ದ ಬಫರ್ ಚೀಲಗಳೂ, ದ್ರವವನ್ನೇ ಕಾಣದ ಹೊರಹೊದಿಕೆಗಳೂ ಜೀವಕೋಶದ ಚೀಲಗಳೊಂದಿಗೆ ಒಂದೇ ಡ್ರಮ್ಮಿಗೆ ಬೀಳುತ್ತಿದ್ದವು, ಏಕೆಂದರೆ ಬೇರ್ಪಡಿಸುವುದಕ್ಕೆ ಪಾಳಿಯ ಕೊನೆಯಲ್ಲಿ ಯಾರಿಗೂ ಬಿಡುವಿರುತ್ತಿರಲಿಲ್ಲ. ಈಗ ಬಫರ್ ಕೋಣೆಯ ಬಾಗಿಲಲ್ಲೇ ಬೇರೆ ಡ್ರಮ್ ಇರಿಸಿ, ಪ್ರತಿ ಬ್ಯಾಚಿನಲ್ಲೂ ಅದನ್ನು ತೂಗಿ ಪುಸ್ತಕದಲ್ಲಿ ಬರೆಯಲು ಆರಂಭಿಸಿದ್ದೇವೆ.