ನೀರು ಕೇಳಿದರೆ ಎರಡು ಕೊಟ್ಟರು

ನಮೀಬಿಯಾದ ವಿಂಡ್‌ಹುಕ್‌ಗೆ ಕೆಲಸಕ್ಕೆ ಬಂದವನಿಗೆ ಇಂಗ್ಲಿಷ್ ಒಂದಿದ್ದರೆ ಸಾಕು, ದಿನ ಕಳೆಯುತ್ತದೆ. ನನಗೂ ಎಂಟು ತಿಂಗಳು ಹಾಗೇ ಕಳೆದಿತ್ತು. ಆದರೆ ಈ ಊರಿನ ಕಟುಟುರಾ ಬಡಾವಣೆಯಲ್ಲಿ ಫ್ಯಾಟ್ ಕೇಕ್ ಎಂಬ ಕರಿದ ತಿಂಡಿ ಮಾರುವ ಅಜ್ಜಿಯ ಮಾತು ಕೇಳಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಒಲೆಯಲ್ಲಿ ಹಸಿ ಸೌದೆ ಸಿಡಿದ ಹಾಗೆ ಮಾತಿನ ನಡುನಡುವೆ ಚಟ್, ಟಕ್ ಅನ್ನುತ್ತಿತ್ತು. ಅದು ಖೋಯೆಖೋಯೆಗೋವಾಬ್, ಅಂದರೆ ನಾಮಾ ಮತ್ತು ಡಮಾರಾ ಜನರ ಭಾಷೆ. ಇಂಥ ಹಲವು ಭಾಷೆಗಳನ್ನು ಖೋಯ್‌ಸಾನ್ ಅಂತ ಒಂದೇ ಗಂಟಿಗೆ ಕಟ್ಟುತ್ತಾರೆ. ಗಂಟಿನೊಳಗೆ ಎಲ್ಲವೂ ನೆಂಟರೇನಲ್ಲ.

ಒಂದು ಪುಸ್ತಕ ತಂದೆ. ಅಕ್ಷರ ನೋಡಿ ತಲೆ ತಿರುಗಿತು. ಆ ಚಟ್, ಟಕ್ ಸದ್ದುಗಳಿಗೆ ಕ್ಲಿಕ್ ಅನ್ನುತ್ತಾರೆ. ಒಂದು ನಿಂತ ಗೀಟು ಅಂದರೆ ಒಂದು ಕ್ಲಿಕ್, ಜೋಡಿ ಗೀಟು ಇನ್ನೊಂದು, ನಿಂತ ಗೀಟಿಗೆ ಎರಡು ಅಡ್ಡಗೀಟು ಎಳೆದರೆ ಮತ್ತೊಂದು. ನಾಲ್ಕನೆಯದು ನಮ್ಮ ಆಶ್ಚರ್ಯಸೂಚಕ ಚಿಹ್ನೆ! 2013ರಲ್ಲಿ ಇದೇ ದೇಶದ ಲ್ಯೂಡರಿಟ್ಜ್ ಚುನಾವಣಾ ಕ್ಷೇತ್ರಕ್ಕೆ ಇಟ್ಟ ಹೊಸ ಹೆಸರು ಶುರುವಾಗುವುದೇ ಆ ಚಿಹ್ನೆಯಿಂದ. ಈ ನಾಲ್ಕರಲ್ಲಿ ಒಂದೊಂದಕ್ಕೂ ಐದು ರೂಪ, ಒಟ್ಟು 20. ಥೇಟ್ ನಮ್ಮ ಕಖಗಘಙ ಪಟ್ಟಿಯ ಹಾಗೆ. ವರ್ಗ ಕಂಠಪಾಠ ಮಾಡಿದವನಿಗೆ ಇದೇನು ಮಹಾ ಅಂದುಕೊಂಡೆ.

ಸದ್ದುಗಳೇನೂ ಹೊಸವಲ್ಲ, ನೋಡಿ. ಅಯ್ಯೋ ಪಾಪ ಅಂತ ಲೊಚಗುಟ್ಟುತ್ತೇವಲ್ಲ, ಅದೇ ಒಂಟಿ ಗೀಟು. ಕೆನ್ನೆಯ ಪಕ್ಕದಿಂದ ಸದ್ದು ಮಾಡಿ ಜಟಕಾ ಕುದುರೆ ಹೊರಡಿಸುವುದು ಜೋಡಿ ಗೀಟು. ನಾಲಿಗೆಯ ಹಿಂದೂ ಮುಂದೂ ಅಂಗುಳಕ್ಕೆ ಅಂಟಿಸಿ, ನಡುವೆ ಗಾಳಿ ಹೀರಿದಂತೆ ಮಾಡಿ, ಫಟ್ಟನೆ ಬಿಡಬೇಕು. ಅಷ್ಟೇ. ಕಷ್ಟ ಇರುವುದು ಅದನ್ನು ಮಾತಿನೊಳಗೆ ತರುವುದರಲ್ಲಿ. ನಾನು ಲೊಚ್ ಅಂದು, ಉಸಿರು ತಗೊಂಡು, ಆಮೇಲೆ ಸ್ವರ ಹೇಳುತ್ತಿದ್ದೆ. ಬಾಗಿಲು ತಟ್ಟಿ, ಕಾದು, ಒಳಗೆ ಹೋದ ಹಾಗೆ.

ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಲೇ ಅಭ್ಯಾಸ ನಡೆಸಿದ್ದೆ. "ಯಾಕೋ ಮಗಾ, ಯಾರಿಗೇನಾಯ್ತು? ಆಗಿನಿಂದ ಲೊಚಗುಟ್ತಾನೇ ಇದೀಯ!" ಅಂತ ಅವಳಿಗೆ ಗಾಬರಿ.

ಒಂದು ಶನಿವಾರ ಧೈರ್ಯ ಮಾಡಿದೆ. ಬಿಸಿಲು ಜಾಸ್ತಿ ಇತ್ತು, ಗಂಟಲು ಒಣಗಿತ್ತು. ಅವರನ್ನು ಎಲ್ಲರೂ ಆಫ್ರಿಕಾನ್ಸ್ ಭಾಷೆಯಲ್ಲಿ ಔಮಾ, ಅಂದರೆ ಅಜ್ಜಿ, ಅನ್ನುತ್ತಾರೆ. ನಾನೂ ಔಮಾ ಅಂತ ಕರೆದು, ಪುಸ್ತಕದಲ್ಲಿ ಓದಿದಂತೆ ನೀರು ಕೇಳಿದೆ. ಅವರು ಒಂದು ಕ್ಷಣ ನೋಡಿ, ಬಾಣಲೆಯಿಂದ ಎರಡು ಫ್ಯಾಟ್ ಕೇಕ್ ತೆಗೆದು ಕಾಗದದಲ್ಲಿ ಸುತ್ತಿಕೊಟ್ಟರು. ಮಂಗಳೂರು ಬನ್ಸ್‌ನ ತಮ್ಮನಂಥ ತಿಂಡಿ ಅದು. ಒಣ ಗಂಟಲಿಗೆ ಅಂಥದ್ದು ಎರಡು!

ನಾನು ಎರಡು ಅಂದುಬಿಟ್ಟಿದ್ದೆ. ಒಂಟಿ ಗೀಟಿನ 'ಗಮ್' ಎಂದರೆ ಎರಡು. ಜೋಡಿ ಗೀಟಿನ 'ಗಮ್ಮಿ' ಎಂದರೆ ನೀರು. ಕೊನೆಯ 'ಇ' ನುಂಗಿದ್ದೆ, ಕೆನ್ನೆಯಿಂದ ಬರಬೇಕಾದ ಸದ್ದನ್ನು ಹಲ್ಲಿನ ಹಿಂದಿನಿಂದ ತಂದಿದ್ದೆ. ಬಾಟಲಿ ತೋರಿಸಿದ ಮೇಲೆ ಔಮಾಗೆ ನಗು ತಡೆಯಲಾಗಲಿಲ್ಲ. ನನ್ನ ಕೆನ್ನೆಗೆ ಬೆರಳು ಒತ್ತಿ, ಸದ್ದು ಇಲ್ಲಿಂದ ಅಂತ ತೋರಿಸಿದರು. ಅವರ ಬಾಯಲ್ಲಿ 'ಗ' ಇರಲೇ ಇಲ್ಲ! ಅದು ಕ್ಲಿಕ್‌ನ ಬಗೆ ತಿಳಿಸಲು ಬರಹದಲ್ಲಷ್ಟೇ ಇರುವ ಗುರುತು. ನಾನು ವಾರಗಟ್ಟಲೆ ಅದನ್ನೂ ಉಚ್ಚರಿಸಿದ್ದೆ.

ಆಮೇಲೆ ಔಮಾ ಈ ಊರಿನ ಹಳೇ ಹೆಸರು ಹೇಳಿಸಿದರು. ಐ-ಗಾಮ್ಸ್, ಬಿಸಿನೀರಿನ ಬುಗ್ಗೆ. ಮೊದಲು ಲೊಚಗುಟ್ಟುವ ಕ್ಲಿಕ್, ಹಿಂದೆಯೇ ಕುದುರೆ ಹೊರಡಿಸುವ ಕ್ಲಿಕ್. ನಾನು ಎಡವಿದ ಎರಡೂ ಒಂದೇ ಹೆಸರಿನಲ್ಲಿವೆ! ವಾರವಿಡೀ ಸ್ನಾನದ ಮನೆಯಲ್ಲಿ ಅದನ್ನೇ ಹೇಳಿದೆ.

ಸೇಡು ತೀರಿಸಿಕೊಳ್ಳಲು ನಾನೂ ಬಾಳೆಹಣ್ಣು ಹೇಳಿಸಿದೆ. 'ಬಾಲೆಹನ್ನು' ಅಂದರು. ಇನ್ನೊಮ್ಮೆ ಅಂದೆ. ಮತ್ತೆ 'ಬಾಲೆಹನ್ನು'. ಸ್ವಲ್ಪ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಶನಿವಾರ ಮತ್ತೆ ನೀರು ಕೇಳಿದೆ. ಔಮಾ ಬಾಟಲಿ ಎತ್ತಿಕೊಟ್ಟರು. ಜೊತೆಗೆ, ಕೇಳದೆಯೇ, ಎರಡು ಫ್ಯಾಟ್ ಕೇಕ್.