ಮುಖ ನೋಡಿ ಬಣ್ಣ ಹಚ್ಚಿದೆ, ಬೆನ್ನು ನೋಡಲಿಲ್ಲ

ಕಲಬುರಗಿಯ ರಿಂಗ್ ರೋಡ್ ಹತ್ತಿರ ಒಂದು ಟೈರ್ ಅಂಗಡಿಯಲ್ಲಿ ನನ್ನ ಕೆಲಸ. ಟೈರ್ ಬದಲಿಸುವುದು, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಜೊತೆಗೆ ಕಾರಿನ ಅಲಾಯ್ ವೀಲ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರದ ರಿಪೇರಿ. ನಮ್ಮ ಕಡೆ ಬಹಳ ಜನ ಅದಕ್ಕೆ ಇನ್ನೂ ಮ್ಯಾಗ್ ವೀಲ್ ಅಂತಲೇ ಅನ್ನುತ್ತಾರೆ. ಗಿರಾಕಿಗಳು ಬಂದವರೇ ಕೇಳುವುದು ಒಂದೇ ಮಾತು. "ಇದಕ್ಕ ಬಣ್ಣ ಹಚ್ಚಿದ್ರ ನಡೀತದೇನ್ರಿ, ಇಲ್ಲಾ ಹೊಸದೇ ತಗೋಬೇಕೇನು?"

ಮೊದಮೊದಲು ನಿಂತಲ್ಲೇ ಉತ್ತರ ಹೇಳಿಬಿಡುತ್ತಿದ್ದೆ. ಈಗ ಹೇಳುವುದಿಲ್ಲ. ಟೈರ್ ಬಿಚ್ಚಬೇಕು, ವೀಲ್ ತೊಳೆಯಬೇಕು, ಒಳಗಿನ ಅಂಚಿನ ಮೇಲೆ ಬೆರಳು ಆಡಿಸಬೇಕು. ಅಲ್ಲಿಯ ತನಕ ರೇಟೂ ಹೇಳುವುದಿಲ್ಲ, ಸಲಹೆಯನ್ನೂ ಕೊಡುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಒಂದು ಮದುವೆ ಸೀಸನ್.

ಆಗ ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ತೊಗರಿ ವ್ಯಾಪಾರದ ಒಬ್ಬ ಕಾಕಾ ತಮ್ಮ ಸ್ವಿಫ್ಟ್ ತಂದರು. ಮಗಳ ಮದುವೆ ಹತ್ತಿರ ಬಂದಿತ್ತು. ನಾಲ್ಕೂ ವೀಲ್‌ಗಳ ಮುಖ ಕೆತ್ತಿಹೋಗಿತ್ತು. ನಮ್ಮ ಊರಲ್ಲಿ ಮನೆ ಮೆಟ್ಟಿಲಿಗೂ ಶಹಾಬಾದ್ ಕಲ್ಲು, ಅಂಗಳಕ್ಕೂ ಶಹಾಬಾದ್ ಕಲ್ಲು. ಅದರ ಅಂಚು ಕತ್ತಿಯ ಹಾಗೆ ಇರುತ್ತದೆ. ಗಾಡಿ ನಿಲ್ಲಿಸುವಾಗ ಸ್ವಲ್ಪ ತಾಗಿದರೂ ಸಾಕು, ಅಲ್ಯೂಮಿನಿಯಂ ಸಿಪ್ಪೆ ಏಳುತ್ತದೆ. "ತಮ್ಮಾ, ಹೊಸಾದು ಕಂಡಂಗ ಮಾಡಿ ಕೊಡು" ಅಂದರು ಕಾಕಾ.

ಮಾಡಿದೆ. ಎಮರಿ ಪೇಪರ್ ಹಾಕಿ ಉಜ್ಜಿದೆ, ಪುಟ್ಟಿ ತುಂಬಿದೆ, ಪ್ರೈಮರ್, ಸಿಲ್ವರ್, ಮೇಲೆ ಕ್ಲಿಯರ್ ಕೋಟ್. ಟೈರ್ ಬಿಚ್ಚದೆ, ಅಂಚಿಗೆ ಟೇಪ್ ಅಂಟಿಸಿ ಹೊಡೆದ ಸ್ಪ್ರೇ ಅದು. ನಿಜವಾಗಿಯೂ ಚೆನ್ನಾಗಿ ಬಂದಿತ್ತು. ವೀಲ್‌ನ ಬೆನ್ನಿಗೆ ಮಾತ್ರ ಹೊಲದ ಕಪ್ಪು ಮಣ್ಣು ಒಣಗಿ ಹತ್ತಿಕೊಂಡಿತ್ತು. ಅದನ್ನು ನೋಡಿದೆ. ತೊಳೆಯಲಿಲ್ಲ. ಗಿರಾಕಿ ನೋಡುವುದು ಮುಖವನ್ನು ತಾನೇ ಅಂದುಕೊಂಡೆ.

ಮದುವೆ ಮುಗಿದ ನಾಲ್ಕನೇ ದಿನ ಅವರು ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಜೇವರ್ಗಿ ಕಡೆಯಿಂದ ರಾತ್ರಿ ವಾಪಸ್ ಬರುತ್ತಿದ್ದರು. ದಾರಿಯಲ್ಲಿ ಎಡಗಡೆಯ ಮುಂದಿನ ಟೈರ್ ಪೂರ್ತಿ ಇಳಿದುಹೋಯಿತು. ಹೆಂಗಸರು, ಮಕ್ಕಳು ಎಲ್ಲರೂ ಹೈವೇ ಪಕ್ಕ ಕತ್ತಲಲ್ಲಿ ನಿಂತರು. ಲಾರಿಗಳು ಮೈಗೆ ತಾಗುವಷ್ಟು ಹತ್ತಿರದಲ್ಲಿ ಹೋಗುತ್ತಿದ್ದವಂತೆ. ಯಾರಿಗೂ ಏನೂ ಆಗಲಿಲ್ಲ, ದೇವರ ದಯೆ. ಮರುದಿನ ಕಾಕಾ ಆ ವೀಲ್ ಹಿಡಿದುಕೊಂಡು ಅಂಗಡಿಗೆ ಬಂದರು. ಬೈಯಲಿಲ್ಲ. "ತಮ್ಮಾ, ಬಣ್ಣ ಛಲೋ ಬಂದದ. ಖರೆ, ಗಾಡಿ ನಡುರಾತ್ರ್ಯಾಗ ನಿಂತದ" ಅಂದರು. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನನಗೆ ಕೆಲಸ ಕಲಿಸಿದ ಉಸ್ತಾದ್ ಆ ವೀಲ್ ತೊಳೆಸಿದರು. ಒಳಗಿನ ಅಂಚಿಗೆ ಸೋಪಿನ ನೀರು ಸುರಿದು ಗಾಳಿ ತುಂಬಿಸಿದರು. ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆಯ ಉದ್ದಕ್ಕೂ ಗುಳ್ಳೆ ಎದ್ದವು. ಎರಡು ಬೆರಳಿನಷ್ಟು ಉದ್ದದ ಕ್ರ್ಯಾಕ್. ಅದು ಆ ರಾತ್ರಿ ಆದದ್ದಲ್ಲ. ಬಿರುಕಿನ ಒಳಗಡೆ ಹಳೆಯ ಮಣ್ಣು ಕೂತಿತ್ತು. ನಾನು ಮುಖಕ್ಕೆ ಬಣ್ಣ ಹೊಡೆಯುವಾಗಲೂ ಅದು ಅಲ್ಲೇ ಇತ್ತು. ಹೊಸ ವೀಲ್‌ನ ರೊಕ್ಕವನ್ನು ನನ್ನ ಸಂಬಳದಲ್ಲಿ ಹಿಡಿಯಿರಿ ಅಂತ ನಾನೇ ಹೇಳಿದೆ.

ಕ್ರ್ಯಾಕ್ ಯಾಕೆ ಒಳಗಡೆಯೇ ಆಗುತ್ತದೆ? ವೀಲನ್ನು ಒಮ್ಮೆ ಮಗುಚಿ ನೋಡಿ. ಸ್ಪೋಕ್‌ಗಳು ಹೊರಗಿನ ಅಂಚಿನ ಕಡೆಗೆ ಇರುತ್ತವೆ. ಹೊರ ಅಂಚಿಗೆ ಅವುಗಳ ಆಸರೆ ಇದೆ. ಒಳಗಿನ ಅಂಚು ಡಬ್ಬಿಯ ಬಾಯಿ ಇದ್ದ ಹಾಗೆ, ಹಿಂದೆ ಯಾವ ಆಸರೆಯೂ ಇಲ್ಲ. ಗುಂಡಿಯ ಅಂಚು ಬಡಿದಾಗ ಮೊದಲು ಮಣಿಯುವುದು ಅದೇ. ಟೈರಿನ ಗೋಡೆ ಗಿಡ್ಡ ಇದ್ದಷ್ಟೂ ಹೊಡೆತ ನೇರವಾಗಿ ವೀಲ್‌ಗೆ ಬೀಳುತ್ತದೆ. ಚೆಂದ ಕಾಣಲಿ ಅಂತ ದೊಡ್ಡ ವೀಲ್, ತೆಳು ಟೈರ್ ಹಾಕಿಸಿದವರೇ ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ.

ಗುಂಡಿಗಳಿಗೇನು ನಮ್ಮಲ್ಲಿ ಬರ ಇಲ್ಲ. ನಮ್ಮದು ಕಪ್ಪು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ದಿನ ತಡೆದೀತು? ಅದರ ಮೇಲೆ ಸೇಡಂ, ವಾಡಿ, ಮಳಖೇಡ ಕಡೆಯ ಸಿಮೆಂಟ್ ಲಾರಿಗಳ ಭಾರ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದ ಮೇಲೆ ಅಫಜಲಪುರ, ಜೇವರ್ಗಿ ಕಡೆಯಿಂದ ಬಂದ ಗಾಡಿಗಳ ವೀಲ್ ನೋಡಿದರೆ ರಸ್ತೆ ಹೇಗಿದೆ ಅಂತ ಕೇಳಬೇಕಾಗಿರಲಿಲ್ಲ.

ಈಗ ನಾನು ನೋಡುವ ರೀತಿ ಹೇಳುತ್ತೇನೆ. ಗಾಡಿ ಬಂದ ಕೂಡಲೇ ಮೊದಲು ಮಾತಾಡಿಸುವುದು ಓನರ್‌ನ. ಎಷ್ಟು ದಿನಕ್ಕೊಮ್ಮೆ ಗಾಳಿ ಹಾಕಿಸುತ್ತೀರಿ? 80ರ ಮೇಲೆ ಹೋದಾಗ ಸ್ಟೇರಿಂಗ್ ನಡುಗುತ್ತದಾ? ಇತ್ತೀಚೆಗೆ ಎಲ್ಲಾದರೂ ಜೋರಾಗಿ ಬಡಿಯಿತಾ? "ಎರಡ ದಿನಕ್ಕೊಮ್ಮೆ ಗಾಳಿ ಹೋಗ್ಲಾಕತ್ತದ, ಪಂಚರ್ ಅಂಗಡ್ಯಾಂವ ಪಂಚರ್ ಇಲ್ಲ ಅಂತಾನ" ಅಂದರೆ ನನಗೆ ಅರ್ಧ ಗೊತ್ತಾದ ಹಾಗೆ. ಟೈರ್ ಸರಿ ಇದ್ದು ಗಾಳಿ ಹೋಗುತ್ತಿದ್ದರೆ ವಾಲ್ವ್ ನೋಡಬೇಕು, ವೀಲ್ ನೋಡಬೇಕು.

ಆಮೇಲೆ ಬ್ಯಾಲೆನ್ಸಿಂಗ್ ಮಷೀನ್ ಮೇಲೆ ಹಾಕಿ ತಿರುಗಿಸುತ್ತೇನೆ. ಮಷೀನ್ ತೋರಿಸುವ ಗ್ರಾಂ ಲೆಕ್ಕ ಆಮೇಲೆ. ಮೊದಲು ಅಂಚಿನ ಹತ್ತಿರ ಒಂದು ಕಡ್ಡಿ ಹಿಡಿದು ನೋಡುತ್ತೇನೆ. ಅಂಚು ಕಡ್ಡಿಗೆ ಹತ್ತಿರ ಬಂದು ದೂರ ಹೋಗುತ್ತಿದ್ದರೆ ವೀಲ್ ಬೆಂಡ್ ಆಗಿದೆ. ಎಷ್ಟು ಅಂತ ಸರಿಯಾಗಿ ಬೇಕಾದರೆ ಡಯಲ್ ಗೇಜ್ ಇದೆ. ಬೆಂಡ್ ಆದ ವೀಲ್‌ಗೆ ತೂಕದ ಮೇಲೆ ತೂಕ ಅಂಟಿಸಿ ಬ್ಯಾಲೆನ್ಸ್ ಸರಿ ಮಾಡಿ ಕಳಿಸುವವರು ಇದ್ದಾರೆ. ಮಷೀನ್ ಸೊನ್ನೆ ತೋರಿಸುತ್ತದೆ ನಿಜ. ವೀಲ್ ಮಾತ್ರ ಸೊಟ್ಟಗೇ ಉಳಿಯುತ್ತದೆ, ನಡುಕವೂ ಉಳಿಯುತ್ತದೆ.

ಕ್ರ್ಯಾಕ್ ಅನುಮಾನ ಇದ್ದರೆ ಕೆಂಪು ಬಣ್ಣದ ಒಂದು ಸ್ಪ್ರೇ ಸಿಗುತ್ತದೆ. ತೊಳೆದ ಜಾಗಕ್ಕೆ ಹೊಡೆದು ಸ್ವಲ್ಪ ಹೊತ್ತು ಬಿಡಬೇಕು. ಒರೆಸಿ, ಮೇಲೆ ಬಿಳಿ ಸ್ಪ್ರೇ ಹೊಡೆದರೆ ಬಿರುಕಿನೊಳಗೆ ಇಳಿದಿದ್ದ ಕೆಂಪು ಮೇಲೆ ಬರುತ್ತದೆ. ಕಣ್ಣಿಗೆ ಕಾಣದ ಗೆರೆ ಕುಂಕುಮ ಎಳೆದ ಹಾಗೆ ಕಾಣುತ್ತದೆ. ಗಿರಾಕಿಗೆ ಇದನ್ನು ತೋರಿಸಿದರೆ ಸಾಕು. ಹತ್ತು ಮಾತು ಹೇಳುವ ಕೆಲಸ ಉಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಬರೀ ಮುಖದ ಗೀರು ಅಂತ ಗೊತ್ತಾದರೆ ಹೊಸ ವೀಲ್ ತಗೊಳ್ಳಿ ಅಂತ ನಾನು ಹೇಳುವುದೇ ಇಲ್ಲ. ಸುಮ್ನೆ ಯಾಕೆ ರೊಕ್ಕ ಹಾಕಬೇಕು? ಒಂದು ಮಿಲಿಮೀಟರ್ ಆಳದ ಗೀರಿಗೆ, ಸಿಪ್ಪೆ ಎದ್ದ ಬಣ್ಣಕ್ಕೆ, ಉಪ್ಪು ಹಿಡಿದಂತೆ ಬೆಳ್ಳಗಾದ ಜಾಗಕ್ಕೆ ರಿಪೇರಿಯೇ ಸರಿ. ಆದರೆ ಟೈರ್ ಬಿಚ್ಚಿ ಮಾಡಿಸಿ. ಹಳೆಯ ಬಣ್ಣ ಪೂರ್ತಿ ತೆಗೆಸಿ ಪೌಡರ್ ಕೋಟಿಂಗ್ ಮಾಡಿಸಿದರೆ ಸ್ಪ್ರೇಗಿಂತ ಜಾಸ್ತಿ ದಿನ ಬಾಳುತ್ತದೆ. ಆ ಪೌಡರ್ 180ರಿಂದ 200 ಡಿಗ್ರಿ ಬಿಸಿಯ ಓವನ್‌ನಲ್ಲಿ ಕರಗಿ ಗಟ್ಟಿಯಾಗುತ್ತದೆ. ಓವನ್‌ನ ಬಿಸಿ, ಹೊತ್ತು ಎರಡನ್ನೂ ಸರಿಯಾಗಿ ನೋಡುವವರ ಹತ್ತಿರವೇ ಕೊಡಿ.

ಒಂದು ವಿಷಯ ಮಾತ್ರ ಕೋಟಿಂಗ್ ಮಾಡುವವರಿಗೆ ಬಾಯಿಬಿಟ್ಟು ಹೇಳಬೇಕು. ನಟ್ ಕೂರುವ ಜಾಗಕ್ಕೆ ಮತ್ತು ಹಬ್‌ಗೆ, ಅಂದರೆ ಗಾಡಿಯಲ್ಲಿ ವೀಲ್ ಕೂರುವ ಭಾಗಕ್ಕೆ, ತಾಗುವ ಹಿಂಬದಿಗೆ ದಪ್ಪ ಕೋಟಿಂಗ್ ಬೀಳಬಾರದು. ನಟ್ ಬಿಗಿ ಮಾಡಿದಾಗ ಅದು ಕೋಟಿಂಗ್ ಮೇಲೆ ಕೂರುತ್ತದೆ. ಗಾಡಿ ಓಡಿದ ಹಾಗೆ ಕೋಟಿಂಗ್ ಅಮುಕಿ ನಟ್ ಸಡಿಲ ಆಗುತ್ತದೆ. ನಾವು ಆ ಜಾಗ ಮುಚ್ಚಿಸಿಯೇ ಕಳಿಸುತ್ತೇವೆ. ಎಷ್ಟು ಬಿಗಿ ಬೇಕೋ ಅಷ್ಟೇ ಬಿಗಿಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದ ಮೇಲೂ ನೂರು ಕಿಲೋಮೀಟರ್ ಒಳಗೆ ಒಮ್ಮೆ ಬಂದು ನೋಡಿಸಿಕೊಳ್ಳಿ ಅಂತ ಹೇಳುತ್ತೇವೆ. ಅದಕ್ಕೆ ರೊಕ್ಕ ತಗೊಳ್ಳುವುದಿಲ್ಲ. ಆದರೂ ಬಹಳ ಜನ ಬರುವುದಿಲ್ಲ, ನಾನೇ ಫೋನ್ ಮಾಡುತ್ತೇನೆ.

ಡೈಮಂಡ್ ಕಟ್ ವೀಲ್‌ಗಳ ಲೆಕ್ಕ ಬೇರೆ. ಮುಖದ ಮೇಲೆ ಕನ್ನಡಿ ಹಾಗೆ ಹೊಳೆಯುವ, ಸಣ್ಣ ಸಣ್ಣ ಗೆರೆ ಇರುವ ವೀಲ್ ಅದು. ಆ ಹೊಳಪು ಬಣ್ಣದ್ದಲ್ಲ, ಲೇತ್‌ನಲ್ಲಿ ಹೆರೆದ ಲೋಹದ್ದು. ಮತ್ತೆ ಹಾಗೇ ಮಾಡಬೇಕು ಅಂದರೆ ಮತ್ತೆ ಒಂದು ಪದರ ಹೆರೆಯಬೇಕು. ಎರಡು ಸಲ, ಬಹಳ ಅಂದರೆ ಮೂರು ಸಲ. ಅದಕ್ಕಿಂತ ಹೆಚ್ಚು ಹೆರೆದರೆ ವೀಲ್ ತೆಳ್ಳಗಾಗುತ್ತದೆ. ಮೊದಲು ಎಷ್ಟು ಸಲ ಆಗಿದೆ ಅಂತ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ನಾನು ಲೇತ್ ಬೇಡ ಅಂತೀನಿ. ಪೂರ್ತಿ ಒಂದೇ ಬಣ್ಣ ಹೊಡೆಸಿಬಿಡಿ, ಅದೂ ಚೆನ್ನಾಗಿಯೇ ಕಾಣುತ್ತದೆ.

ಬೆಂಡ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಕಬ್ಬಿಣದ ರಿಮ್ ಆದರೆ ಬಡಿದು ಸರಿ ಮಾಡಬಹುದು, ಅದು ಮಣಿಯುವ ಲೋಹ. ಕೆಟ್ಟರೂ ಹೊಸ ಕಬ್ಬಿಣದ ರಿಮ್ ಅಲಾಯ್‌ನಷ್ಟು ದುಬಾರಿ ಅಲ್ಲ. ಅಲಾಯ್ ಹಾಗಲ್ಲ. ಅಲ್ಯೂಮಿನಿಯಂ, ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಸೇರಿಸಿ ಎರಕ ಹೊಯ್ದು, 500 ಡಿಗ್ರಿಗೂ ಮೇಲೆ ಕಾಯಿಸಿ, ನೀರಲ್ಲಿ ತಣಿಸಿ, ಮತ್ತೆ ಸಣ್ಣ ಬಿಸಿಯಲ್ಲಿಟ್ಟು ಅದಕ್ಕೆ ಗಟ್ಟಿತನ ತಂದಿರುತ್ತಾರೆ. ಗ್ಯಾಸ್ ಟಾರ್ಚ್ ಹಿಡಿದು ಕಾಯಿಸಿದರೆ ಆ ಜಾಗದ ಗಟ್ಟಿತನ ಹೋಯಿತು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಕರಗುವ ತನಕ ಬಣ್ಣವೇ ಬದಲಿಸುವುದಿಲ್ಲ. ಎಷ್ಟು ಕಾದಿದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ಸಣ್ಣ ಬೆಂಡ್ ಆಗಿ, ಕ್ರ್ಯಾಕ್ ಇಲ್ಲದಿದ್ದರೆ ಮಾತ್ರ ಪ್ರೆಸ್‌ನಲ್ಲಿ ನಿಧಾನವಾಗಿ ತೆಗೆಯುತ್ತೇವೆ. ತೆಗೆದ ಮೇಲೆ ಮತ್ತೆ ಕೆಂಪು ಸ್ಪ್ರೇ ಹೊಡೆದು ನೋಡುತ್ತೇವೆ, ಯಾಕೆಂದರೆ ನೆಟ್ಟಗೆ ಮಾಡುವಾಗಲೂ ಸೀಳಬಹುದು.

ಕ್ರ್ಯಾಕ್ ಇದ್ದರೆ ಹೊಸದು. ಸ್ಪೋಕ್ ಮೇಲಿನ ಕ್ರ್ಯಾಕ್, ನಟ್ ತೂತಿನ ಸುತ್ತ ಕ್ರ್ಯಾಕ್ ಅಂದರೆ ಮಾತೇ ಇಲ್ಲ, ಆ ವೀಲ್ ಹಾಕಿಕೊಂಡು ಮನೆಗೆ ಹೋಗುವುದೂ ಬೇಡ. ಒಳ ಅಂಚಿನ ಸಣ್ಣ ಕ್ರ್ಯಾಕ್‌ಗೆ ಆರ್ಗಾನ್ ವೆಲ್ಡಿಂಗ್ ಮಾಡಿಕೊಡುವವರು ಇದ್ದಾರೆ. ಅವರಲ್ಲಿ ಒಳ್ಳೆಯ ಕೈ ಇರುವವರೂ ಇದ್ದಾರೆ, ವರ್ಷಗಟ್ಟಲೆ ಓಡಿವೆ ಅಂತಲೂ ಹೇಳುತ್ತಾರೆ. ಅವರನ್ನು ನಾನು ಹೀಗಳೆಯುವುದಿಲ್ಲ. ಆದರೆ ವೆಲ್ಡ್ ಗಟ್ಟಿ ಇದ್ದರೂ ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ. ಅದನ್ನು ಮತ್ತೆ ಗಟ್ಟಿ ಮಾಡುವ ಭಟ್ಟಿ ನಮ್ಮ ಹತ್ತಿರ ಇಲ್ಲ. ಜೇವರ್ಗಿ ರೋಡಿನಲ್ಲಿ ರಾತ್ರಿ ನಿಂತ ಆ ಮನೆಯವರನ್ನು ನೆನೆಸಿಕೊಂಡರೆ ನನ್ನ ಕೈ ಆ ಕೆಲಸಕ್ಕೆ ಏಳುವುದಿಲ್ಲ.

ಹೊಸದು ತಗೊಳ್ಳುವಾಗಲೂ ಚೆಂದ ನೋಡಿ ಮೋಸ ಹೋಗುವವರು ಬಹಳ. ಸ್ವಿಫ್ಟ್‌ಗೆ ನಾಲ್ಕು ನಟ್, ನಟ್‌ಗಳು ಕೂರುವ ವೃತ್ತದ ವ್ಯಾಸ 100 ಮಿಲಿಮೀಟರ್. ಕ್ರೆಟಾಗೆ ಐದು ನಟ್, 114.3 ಮಿಲಿಮೀಟರ್. ಇದು ಹೊಂದದಿದ್ದರೆ ವೀಲ್ ಕೂರುವುದೇ ಇಲ್ಲ, ಹಾಗಾಗಿ ಇಲ್ಲಿ ತಪ್ಪಾಗುವುದು ಕಡಿಮೆ. ತಪ್ಪಾಗುವುದು ನಡುವಿನ ತೂತಿನಲ್ಲಿ ಮತ್ತು ಆಫ್‌ಸೆಟ್‌ನಲ್ಲಿ, ಅಂದರೆ ವೀಲ್ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಅನ್ನುವ ಅಳತೆಯಲ್ಲಿ. ನಡುವಿನ ತೂತು ಹಬ್‌ಗಿಂತ ದೊಡ್ಡದಿದ್ದರೆ ಮಧ್ಯೆ ರಿಂಗ್ ಹಾಕಬೇಕು, ಇಲ್ಲದಿದ್ದರೆ ಹೊಸ ವೀಲ್ ಕೂಡ ನಡುಗುತ್ತದೆ. ಆಫ್‌ಸೆಟ್ ಬೇರೆಯಾದರೆ ವೀಲ್ ಹೊರಗೆ ಚಾಚಿ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಇಲ್ಲಾ ಒಳಗೆ ಸರಿದು ಸಸ್ಪೆನ್ಶನ್‌ಗೆ ತಾಗುತ್ತದೆ. ಹಳೆಯ ವೀಲ್‌ನ ಬೆನ್ನಿನಲ್ಲೇ ಅಳತೆ, ಆಫ್‌ಸೆಟ್ ಅಚ್ಚಾಗಿರುತ್ತದೆ. ಅಲ್ಲಿ ಮಣ್ಣು ಒರೆಸಿ ಒಂದು ಫೋಟೋ ತೆಗೆದುಕೊಳ್ಳಿ. ಹೊಸದರಲ್ಲಿ ಐಎಸ್ಐ ಗುರುತು ನೋಡಿ. ಕಾರಿನ ವೀಲ್‌ಗೆ ಐಎಸ್ 9436 ಅಂತ ಭಾರತದ್ದೇ ಮಾನದಂಡ ಇದೆ. ತಿರುಗಿಸಿ, ಬಾಗಿಸಿ, ಹೊಡೆತ ಕೊಟ್ಟು ಪರೀಕ್ಷೆ ಮಾಡುವುದು ಅದರಲ್ಲಿ ಬರುತ್ತದೆ.

ಒಂದೇ ವೀಲ್ ಕೆಟ್ಟಿದ್ದರೆ ಒಂದೇ ತಗೊಳ್ಳಿ. ನಾಲ್ಕೂ ಬದಲಿಸಬೇಕಿಲ್ಲ. ಅದೇ ಡಿಸೈನ್ ಸಿಗದಿದ್ದರೆ ಅಳತೆ ಒಂದೇ ಇರಲಿ, ರೂಪ ಬೇರೆ ಇದ್ದರೂ ಪರವಾಗಿಲ್ಲ. ಅಂಗಡಿಗೆ ಲಾಭ ನಾಲ್ಕು ಮಾರಿದರೇ ಜಾಸ್ತಿ, ಗೊತ್ತು. ಆದರೂ ನಾನು ಹೀಗೇ ಹೇಳುತ್ತೇನೆ, ಮಾಲಕರೂ ಬೇಡ ಅಂದಿಲ್ಲ.

ಹೋದ ತಿಂಗಳು ಹುಮನಾಬಾದ್ ಕಡೆಯ ಒಬ್ಬ ಮೇಷ್ಟ್ರು ಬಂದಿದ್ದರು. ನಾಲ್ಕೂ ಹೊಸದು ಹಾಕಿಸಬೇಕು ಅಂತಲೇ ರೊಕ್ಕ ಹೊಂದಿಸಿಕೊಂಡು ಬಂದಿದ್ದರು. ಬಿಚ್ಚಿ, ತೊಳೆದು ನೋಡಿದರೆ ಮೂರಕ್ಕೆ ಬರೀ ಮುಖದ ಗೀರು. ಹೊರಗಿಂದ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದ ನಾಲ್ಕನೆಯದರ ಬೆನ್ನಲ್ಲಿ ಕ್ರ್ಯಾಕ್. ಮೂರನ್ನು ಕೋಟಿಂಗ್‌ಗೆ ಕಳಿಸಿದೆವು, ಒಂದು ಹೊಸದು ಹಾಕಿದೆವು.

ಒಡೆದ ವೀಲನ್ನು ನಾನು ಗ್ರೈಂಡರ್ ಹತ್ತಿರ ಒಯ್ದೆ. ಮೇಷ್ಟ್ರು ತಡೆದರು. "ಯಾಕ್ ಕೊಯ್ಲಾಕತ್ತೀರಿ? ಇಡೀ ಕೊಟ್ರ ಗುಜರಿಯವ್ರು ಎರಡು ರೊಕ್ಕ ಜಾಸ್ತಿ ಕೊಡ್ತಾರಲ್ರಿ" ಅಂದರು.

"ಅದಕ್ಕೇ ಸರ, ಇಡೀ ಕೊಟ್ರ ಅದಕ್ಕ ಬಣ್ಣ ಹಚ್ಚಿ ಮತ್ತೊಬ್ಬರಿಗೆ ಮಾರ್ತಾರ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ತಾವೇ ಬಂದು ವೀಲ್‌ನ ಇನ್ನೊಂದು ಬದಿ ಅಲುಗದ ಹಾಗೆ ಹಿಡಿದುಕೊಂಡರು.